ಪದವಿಗೆ ಅಂಗಡಿಯ ಪಾಠವೂ ಬೇಕು

ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಸೊಲ್ಲಾಪುರದಲ್ಲಿ ಚಾದರ, ಟಾವೆಲ್‌ಗಳ ವ್ಯಾಪಾರ ಮಾಡಿಕೊಂಡು ಬಂದಿದ್ದೇನೆ. ವಿಶ್ವವಿದ್ಯಾಲಯದ ಪಠ್ಯಕ್ರಮದ ಬಗ್ಗೆ ಬರೆಯಲು ಇವನಿಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಆ ಪಠ್ಯ ಓದಿದ ಹುಡುಗರು ಕೆಲಸ ಕೇಳಿಕೊಂಡು ಬರುವುದು ನಮ್ಮಂಥವರ ಅಂಗಡಿಗೇ ಅಲ್ಲವೇ?

ಅಕ್ಕಲಕೋಟ ತಾಲೂಕಿನ ಒಬ್ಬ ಹುಡುಗ ಹೀಗೆ ಬಂದಿದ್ದ. ಬಿ.ಕಾಂ. ಪ್ರಥಮ ದರ್ಜೆ. “ಒಂದು ಗಂಟು ಅಕ್ಕಲಕೋಟಕ್ಕೆ, ಒಂದು ಗಂಟು ಆಳಂದಕ್ಕೆ ಹೋಗಬೇಕು. ಎರಡು ಬಿಲ್ಲಿನಲ್ಲಿ ತೆರಿಗೆ ಹೇಗೆ ಹಾಕುತ್ತೀ?” ಎಂದು ಕೇಳಿದೆ. ಜಿಎಸ್‌ಟಿ ಎಂದರೇನು ಎಂಬುದನ್ನು ಪುಸ್ತಕದಲ್ಲಿದ್ದಂತೆ ಹೇಳಿದ. ಬಿಲ್ಲು ಮಾಡಲು ಬರಲಿಲ್ಲ. ಅಕ್ಕಲಕೋಟ ಮಹಾರಾಷ್ಟ್ರದಲ್ಲಿದೆ, ಆದ್ದರಿಂದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಆಳಂದ ಕರ್ನಾಟಕದಲ್ಲಿದೆ, ಆದ್ದರಿಂದ ಐಜಿಎಸ್‌ಟಿ. ಹೊರರಾಜ್ಯಕ್ಕೆ ಹೋಗುವ ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲೂ ಬೇಕು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಇದು ಗಡಿಭಾಗದ ವ್ಯಾಪಾರಿಗೆ ದಿನನಿತ್ಯದ ಕೆಲಸ.

ಹುಡುಗ ದಡ್ಡನಲ್ಲ. ಕೈಹಿಡಿದು ತೋರಿಸಿದ ಮೇಲೆ ಒಂದೇ ತಿಂಗಳಲ್ಲಿ ಕಲಿತ. ಮನೆಯಲ್ಲಿ ಕನ್ನಡ, ಊರಲ್ಲಿ ಮರಾಠಿ, ಓದಿದ್ದು ಇಂಗ್ಲಿಷ್. ಈ ಮೂರೂ ಭಾಷೆಯಲ್ಲಿ ಗಿರಾಕಿಯೊಡನೆ ಮಾತಾಡುವ ಅವನ ಗುಣ ನಮಗೆ ಬಹಳ ಬೆಲೆಯದು. ಆದರೆ ಅದಕ್ಕೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ.

ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2004ರಲ್ಲಿ ಸೊಲ್ಲಾಪುರಕ್ಕೇ ವಿಶ್ವವಿದ್ಯಾಲಯ ಬಂತು. ಅದಕ್ಕೆ ಈಗ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳಕರರ ಹೆಸರಿದೆ. ವಿದ್ಯಾಪೀಠ ಹತ್ತಿರ ಬಂದಂತೆ ಪಾಠವೂ ಪೇಟೆಗೆ ಹತ್ತಿರ ಬರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯ ಜೊತೆಗೆ ಪ್ರತ್ಯಕ್ಷ ಕೆಲಸದ ತರಬೇತಿಯನ್ನೂ ಸೇರಿಸಲಾಗಿದೆ. ಇದು ಒಳ್ಳೆಯ ಮಾತು. ಆದರೆ ತರಬೇತಿ ಕೊಡುವವರು ಯಾರು? ನಾವೇ.

ಇಲ್ಲಿಯೇ ನಮ್ಮವರಿಗೆ ಒಂದು ಮಾತು ಹೇಳಬೇಕಾಗಿದೆ. “ಶೇಠಜಿ, ಒಂದು ಸರ್ಟಿಫಿಕೇಟಿಗೆ ಸಿಕ್ಕಾ ಹಾಕಿಕೊಡಿ” ಎಂದು ಪರಿಚಯದವರು ಮಕ್ಕಳನ್ನು ಕರೆತರುತ್ತಾರೆ. ಕೆಲವರು ಸಂಕೋಚಕ್ಕೆ ಹಾಕಿಯೂ ಕೊಡುತ್ತಾರೆ. ಅದು ಉಪಕಾರವಲ್ಲ. ಆ ಮಗು ನಾಳೆ ಇನ್ನೊಬ್ಬರ ಬಾಗಿಲಲ್ಲಿ ನಿಂತು ತಲೆ ತಗ್ಗಿಸುವಂತೆ ಮಾಡಿದಂತಾಗುತ್ತದೆ. ಮಾಡದ ಕೆಲಸಕ್ಕೆ ಸಹಿ ಹಾಕುವುದು ಸತ್ಯಕ್ಕೂ ದೂರ.

ಅದರ ಬದಲು ಎರಡು ತಿಂಗಳು ಅಂಗಡಿಯಲ್ಲಿ ಕೂಡಿಸಿಕೊಳ್ಳಿ. ಕಿರ್ದಿ ಬರೆಯುವುದು, ಖಾತೆ ತಾಳೆ ನೋಡುವುದು, ಮಾಲಿನ ಎಣಿಕೆ, ಉದ್ರಿ ವಸೂಲಿಗೆ ಮಾತಾಡುವ ರೀತಿ, ಇವನ್ನು ಕಲಿಸಿ. ಬಸ್ಸಿನ ಖರ್ಚಾದರೂ ಕೊಡಿ. ಹೆಣ್ಣುಮಕ್ಕಳಿಗೂ ಅವಕಾಶವಿರಲಿ, ಲೆಕ್ಕದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ.

ಪಠ್ಯಕ್ರಮ ಬದಲಾಗಲು ವರ್ಷಗಳು ಹಿಡಿಯುತ್ತವೆ. ನಮ್ಮ ಅಂಗಡಿಯ ಬಾಗಿಲು ಮಾತ್ರ ದಿನಾ ಬೆಳಿಗ್ಗೆ ತೆರೆಯುತ್ತದೆ. ಬರುವ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಮಗುವಿಗೆ ಕೆಲಸ ಕಲಿಸೋಣ.