ಮಗಳ ಶ್ರುತಿ

ಧಾರವಾಡದ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಈಗ ಎರಡು ತಂಬೂರಿಗಳಿವೆ. ದೊಡ್ಡದು ನನ್ನದು. ಎರಡು ವರ್ಷ ಹಣ ಕೂಡಿಟ್ಟು 1976ರಲ್ಲಿ ಮಿರಜಿಗೆ ಹೋಗಿ ತಂದದ್ದು. ಚಿಕ್ಕದು ಮಗಳದು. ಅದನ್ನು ಆಕೆ ತನ್ನ ಪಾಠದ ದುಡ್ಡಿನಿಂದ 1999ರಲ್ಲಿ ಕೊಂಡಳು. ಇವೆರಡೂ ಒಂದೇ ಗೋಡೆಗೆ ಒರಗಿ ನಿಲ್ಲಲು ಇಪ್ಪತ್ತೈದು ವರ್ಷ ಹಿಡಿಯಿತು. ಆ ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಒಪ್ಪಿಸಬೇಕೆಂದು ಬರೆಯಲು ಕುಳಿತಿದ್ದೇನೆ. ಹಾಡುವವನಿಗೆ ಬರೆಯುವ ರೂಢಿ ಕಡಿಮೆ, ಓದುಗರು ಸಹಿಸಿಕೊಳ್ಳಬೇಕು.

ನಾನು ದೊಡ್ಡ ಗವಾಯಿಯಲ್ಲ. ಹಿಂದುಸ್ತಾನಿ ಗಾಯನವನ್ನು ಹನ್ನೆರಡು ವರ್ಷ ಗುರುಗಳ ಬಳಿ ಕಲಿತು, ವಚನಗಾಯನವನ್ನು ನೆಚ್ಚಿಕೊಂಡು ಸಂಸಾರ ಸಾಗಿಸಿದವನು. ಶ್ರಾವಣ ಮಾಸವಿಡೀ ಮಠಗಳಲ್ಲಿ ಪುರಾಣ ಪ್ರವಚನ ನಡೆಯುವುದು ತಮಗೆಲ್ಲ ತಿಳಿದದ್ದೇ. ಪ್ರವಚನಕಾರರಿಗೆ ಜೊತೆಯಾಗಿ ಒಬ್ಬ ಗವಾಯಿ, ಒಬ್ಬ ತಬಲಾದವರು ಇರುತ್ತಾರೆ. ಆ ಗವಾಯಿಯ ಸ್ಥಾನದಲ್ಲಿ ನಾನು ಮೂವತ್ತಕ್ಕೂ ಹೆಚ್ಚು ಶ್ರಾವಣಗಳನ್ನು ಕಳೆದೆ. ಜಾತ್ರೆ, ಬಸವ ಜಯಂತಿ, ಶರಣರ ಸ್ಮರಣೋತ್ಸವ ಎಂದು ವರ್ಷದ ಉಳಿದ ದಿನಗಳೂ ಹೇಗೋ ತುಂಬುತ್ತಿದ್ದವು. ಮಲ್ಲಿಕಾರ್ಜುನ ಮನಸೂರ ಅವರ ಕಂಠದಲ್ಲಿ ವಚನ ಕೇಳಿ ಬೆಳೆದವರಿಗೆ ಬೇರೆ ದಾರಿ ಸುಲಭವಾಗಿ ಹಿಡಿಸುವುದಿಲ್ಲ. ಅವರು 1992ರ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾಗುವವರೆಗೂ, ಎಂಬತ್ತು ದಾಟಿದ ಮೇಲೂ ಅವರ ಹಾಡಿಕೆ ಮಾಸಿರಲಿಲ್ಲ. ಅದನ್ನು ಕಣ್ಣಾರೆ ಕಂಡ ನಾನು, ಸಾಧನೆ ಇದ್ದವನ ಧ್ವನಿಗೆ ಮುಪ್ಪಿಲ್ಲವೆಂದು ನಂಬಿಬಿಟ್ಟೆ. ಅವರಿಗೆ ಒಲಿದದ್ದು ನನಗೂ ಒಲಿಯುತ್ತದೆಂದು ತಿಳಿದದ್ದು ನನ್ನ ಅವಿವೇಕ.

ಇಲ್ಲಿ ಶ್ರುತಿಯ ವಿಷಯವನ್ನು ತುಸು ವಿವರಿಸಬೇಕು. ಹಾಡುವವನು ತನ್ನ ಷಡ್ಜವನ್ನು ಪೇಟಿಯ ಯಾವ ಮನೆಯ ಮೇಲೆ ಇಟ್ಟುಕೊಳ್ಳುತ್ತಾನೆಂಬುದನ್ನು ನಮ್ಮ ಕಡೆ ಕರಿ ಒಂದು, ಬಿಳಿ ಎರಡು, ಕರಿ ಐದು ಎಂದು ಹೇಳುವ ವಾಡಿಕೆ. ನನ್ನದು ಕರಿ ಒಂದು. ಗಂಡಸರಲ್ಲಿ ಇದು ಸಾಮಾನ್ಯವಾದ ಶ್ರುತಿಯೇ. ಬೆಳೆದ ಹೆಣ್ಣುಮಕ್ಕಳು ಬಹುಮಟ್ಟಿಗೆ ಕರಿ ನಾಲ್ಕು, ಕರಿ ಐದರ ಸುತ್ತ ಹಾಡುತ್ತಾರೆ. ಎಳೆಯ ಹುಡುಗಿಯರದು ಇನ್ನೂ ಮೇಲಿನ ಕಂಠ. ಆದ್ದರಿಂದ ಏಳು ವರ್ಷದ ಮಗಳನ್ನು 1985ರಲ್ಲಿ ತೊಡೆಯ ಪಕ್ಕ ಕೂರಿಸಿಕೊಂಡು ಪಾಠ ಆರಂಭಿಸಿದಾಗ ಯಾವ ತೊಡಕೂ ಬರಲಿಲ್ಲ. ನನ್ನ ಕರಿ ಒಂದರ ಮೇಲಿನ ಸಪ್ತಕದ ಷಡ್ಜವನ್ನು ಹಿಡಿದು ಆಕೆ ಹಕ್ಕಿಯ ಹಾಗೆ ಹಾಡುತ್ತಿದ್ದಳು. ಹತ್ತು ವರ್ಷಕ್ಕೆ ನನ್ನ ಹಿಂದೆ ತಂಬೂರಿ ಹಿಡಿದು ಕೂತಳು. ನಾನು ಆಲಾಪವನ್ನು ಬಿಟ್ಟಲ್ಲಿ ಆಕೆ ಎತ್ತಿಕೊಳ್ಳುತ್ತಿದ್ದಳು. ಕೇಳುವವರು ತಲೆದೂಗುತ್ತಿದ್ದರು. ತಂದೆ-ಮಗಳ ಜೋಡಿಯೆಂದು ಊರೂರಿನಿಂದ ಕರೆ ಬರತೊಡಗಿತು. ಸಂಭಾವನೆಯೂ ಹೆಚ್ಚಿತು. ಅದನ್ನು ಮುಚ್ಚಿಡುವುದೇಕೆ?

ಗಂಡುಹುಡುಗರಷ್ಟು ಢಾಳಾಗಿ ಅಲ್ಲದಿದ್ದರೂ ಹರೆಯದಲ್ಲಿ ಹೆಣ್ಣುಮಕ್ಕಳ ಧ್ವನಿಯೂ ಇಳಿಯುತ್ತದೆ. ಮಗಳಿಗೆ ಹದಿನಾಲ್ಕು ತುಂಬಿದ ಮೇಲೆ ಒಂದು ಬೆಳಗ್ಗೆ ಪಾಠದ ನಡುವೆ ನಿಲ್ಲಿಸಿ ಕೇಳಿದಳು: "ಅಪ್ಪಾ, ಒಂದ್ ಮೂರ್ ಮನೀ ಕೆಳಗ ಹಿಡೀಲೇನ್ರಿ? ಮ್ಯಾಲೆ ಹೋದ್ರ ಗಂಟಲಾ ಹರದ್ಹಂಗ ಆಗತೈತಿ."

ಕರಿ ಒಂದರಿಂದ ಮೂರು ಮನೆ ಇಳಿದರೆ ಬಿಳಿ ಒಂದು, ಬಿಳಿ ಏಳು, ಕರಿ ಐದು. ಆಕೆ ಕೇಳಿದ್ದು ತನ್ನ ಕಂಠಕ್ಕೆ ಸಲ್ಲುವ ಸ್ಥಾನವನ್ನೇ. ನಾನು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: "ಶ್ರುತಿ ನಿನ್ನ ಸಲುವಾಗಿ ಇಳಿಯೂದಿಲ್ಲ. ನೀನ ಏರಬೇಕು."

ಅದನ್ನು ಗುರುವಿನ ಮಾತೆಂದು ಆಗ ತಿಳಿದಿದ್ದೆ. ಆಕೆಯದು ಸೋಮಾರಿತನ, ಸಾಧನೆಗೆ ಹಿಂಜರಿಕೆ ಎಂದು ಅವಳ ತಾಯಿಯ ಮುಂದೆಯೂ ಅಂದೆ. ಒಳಗಿನ ಕಾರಣ ಬೇರೆಯೇ ಇತ್ತು. ಆಕೆ ಕರಿ ಐದಕ್ಕೆ ಇಳಿದರೆ ನನ್ನ ತಂಬೂರಿಯ ಹಿಂದೆ ಕೂಡುವಂತಿಲ್ಲ. ಎರಡು ಶ್ರುತಿಯವರು ಒಂದೇ ವೇದಿಕೆಯ ಮೇಲೆ ಜೊತೆಯಾಗಿ ಹಾಡುವುದು ಆಗದ ಮಾತು. ಅಷ್ಟು ಹೊತ್ತಿಗೆ ಆ ಎಳೆಯ ಕಂಠದ ಆಸರೆ ನನಗೆ ಅಭ್ಯಾಸವಾಗಿಹೋಗಿತ್ತು. ದೀರ್ಘವಾದ ತಾನಿನ ಕೊನೆಯಲ್ಲಿ ನನ್ನ ಉಸಿರು ಸಣ್ಣಗಾದಾಗ ಅದು ಯಾರಿಗೂ ತಿಳಿಯದಂತೆ ಆಕೆ ತುಂಬಿಕೊಡುತ್ತಿದ್ದಳು.

ಮಗಳಿಗೆ ನಾನು ಪದೇ ಪದೇ ತೋರಿಸುತ್ತಿದ್ದ ಮೇಲ್ಪಂಕ್ತಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮಗಳು ಕೃಷ್ಣಾ ಅವರದು. ತಾಯಿಯ ಹಿಂದೆ ಕೂತು ದಶಕಗಳ ಕಾಲ ಧ್ವನಿಗೆ ಧ್ವನಿ ಕೂಡಿಸಿ ಹಾಡಿ, 2004ರಲ್ಲಿ ತಾಯಿಗಿಂತ ಮೊದಲೇ ಕಣ್ಮುಚ್ಚಿದ ಆ ಕಲಾವಿದೆಯ ನಿಷ್ಠೆ ದೊಡ್ಡದು. ಆದರೆ ನಾನು ಆ ಮನೆಯ ಕಥೆಯಲ್ಲಿ ನನಗೆ ಬೇಕಾದ ಭಾಗವನ್ನಷ್ಟೇ ಆರಿಸಿಕೊಂಡಿದ್ದೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ಗಂಗೂಬಾಯಿಯವರದು ಮೊದಲಿಗೆ ತೆಳುವಾದ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಭೀರವಾಗಿ ಇಳಿಯಿತು. ಅವರು ಹಳೆಯ ಕಂಠಕ್ಕಾಗಿ ಹಟ ಹಿಡಿಯದೆ, ಇಳಿದ ಕಂಠವನ್ನೇ ತಮ್ಮದಾಗಿ ಮಾಡಿಕೊಂಡು ದೇಶವೆಲ್ಲ ಕೇಳುವಂತೆ ಹಾಡಿದರು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಮಗಳಿಗೆ ಹೇಳಲಿಲ್ಲ.

1997ರ ಚಳಿಗಾಲದಲ್ಲಿ ಮಗಳ ಧ್ವನಿ ಒಡೆಯಿತು. ಮಾತಾಡಿದರೂ ಗೊರಗೊರ ಸದ್ದು. ಗಂಟಲಿನ ತಜ್ಞರೊಬ್ಬರು ಕನ್ನಡಿ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳೆದ್ದಿವೆ, ಒತ್ತಾಯದಿಂದ ಹಾಡಿದ್ದರ ಫಲ, ಕೆಲಕಾಲ ಮೌನವಾಗಿರಲಿ, ಆಮೇಲೆ ಹಾಡುವ ರೀತಿಯನ್ನೇ ಬದಲಿಸಿಕೊಳ್ಳಲಿ ಎಂದರು. ಆಕೆ ಮೂರು ತಿಂಗಳು ಮಾತೇ ಆಡದೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳು. ನಾನು ಆ ಮೂರು ತಿಂಗಳಲ್ಲಿ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ತಪ್ಪಿದುದಕ್ಕೆ ಸಿಡುಕುತ್ತಿದ್ದೆ.

ಮೌನ ಮುಗಿದ ಮೇಲೆ ಮಗಳು ನನ್ನ ಬಳಿ ಪಾಠಕ್ಕೆ ಕೂಡಲಿಲ್ಲ. ಊರಿನಲ್ಲಿಯೇ ಇದ್ದ ಹಿರಿಯ ಗಾಯಕಿಯೊಬ್ಬರ ಬಳಿ ಹೋದಳು. ಅವರು ಮೊದಲ ದಿನವೇ ಆಕೆಗೆ ಕರಿ ಐದು ಕೊಟ್ಟರಂತೆ. ಈ ಸುದ್ದಿ ಪೇಟಿಯವರ ಬಾಯಿಂದ ಕಿವಿಗೆ ಬಿದ್ದಾಗ ನಾನು ಕೂಡಲೇ ಮನೆಗೆ ಬಂದು, "ಇನ್ನ ಮ್ಯಾಲೆ ನನ್ನ ತಂಬೂರಿ ಮುಟ್ಟಬ್ಯಾಡ" ಎಂದೆ. ಆಕೆ ಎದುರು ಮಾತಾಡಲಿಲ್ಲ. ಎರಡು ವರ್ಷ ತಂಬೂರಿಯಿಲ್ಲದೆ, ಪೇಟಿಯ ಒಂದು ಮನೆ ಒತ್ತಿಕೊಂಡೇ ಸಾಧನೆ ಮಾಡಿದಳೆಂದು ಅವಳ ತಾಯಿ ಆಮೇಲೆ ಹೇಳಿದಳು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಗಳಿಗೆ ಮದುವೆಯಾಯಿತು, ಹುಬ್ಬಳ್ಳಿಯಲ್ಲಿ ಮನೆ ಮಾಡಿದಳು. ಅಳಿಯನದು ಸಣ್ಣ ವ್ಯಾಪಾರ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂಡುವ ಮಕ್ಕಳಿಗೆ ಪಾಠ ಹೇಳುವುದು, ಒಂದು ಶಾಲೆಯಲ್ಲಿ ವಾರಕ್ಕೆ ಮೂರು ತಾಸು ಪ್ರಾರ್ಥನೆ ಕಲಿಸುವುದು, ತೊಟ್ಟಿಲು-ಮದುವೆಗಳಲ್ಲಿ ಹಾಡುವುದು ಇವೇ ಅವಳ ಗಳಿಕೆ. ಕಂಠ ಮರಳಿ ಬಂತು. ಆದರೆ ತಾರಸಪ್ತಕದಲ್ಲಿ ಮೊದಲಿನ ನಿಚ್ಚಳತನ ಬರಲೇ ಇಲ್ಲ. ಹಬ್ಬಕ್ಕೆ ಬಂದರೆ ತಾಯಿಯೊಡನೆ ಅಡುಗೆಮನೆಯಲ್ಲಿ ಕೂತು ಹೋಗುತ್ತಿದ್ದಳು. ನನ್ನ ಕಾಲು ಮುಟ್ಟಿ ನಮಸ್ಕರಿಸುವುದನ್ನು ಎಂದೂ ಬಿಡಲಿಲ್ಲ. ಸಂಗೀತದ ಒಂದು ಮಾತನ್ನೂ ಎಂದೂ ಆಡಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಬೇಗ ದಾಟಲು ಮನಸ್ಸು ಒಪ್ಪುವುದಿಲ್ಲ. ಸುಮಾರು 2008ರಲ್ಲಿ ಪುರಾಣ ಸಮಿತಿಯೊಂದರ ಹಿರಿಯರು ಬಂದು, "ಗವಾಯಿಗಳs, ಈ ಸಲ ನಿಮ್ಮ ಮಗಳನ್ನ ಕರೀಬೇಕಂತ ಮಾಡೇವಿ. ಹ್ಯಾಂಗ ಹಾಡ್ತಾರ್ರಿ?" ಎಂದು ವಿಚಾರಿಸಿದರು. ನಾನು ಬೇಡವೆನ್ನಲಿಲ್ಲ. ಎಲೆಗೆ ಸುಣ್ಣ ಸವರುತ್ತ ಸುಮ್ಮನೆ ಕೂತೆ. ಅವರು ಆ ಮೌನಕ್ಕೆ ತಾವೇ ಅರ್ಥ ಹಚ್ಚಿಕೊಂಡು ಎದ್ದು ಹೋದರು. ಒಂದು ತಿಂಗಳ ಆ ಸೇವೆಯ ಸಂಭಾವನೆ ಮಗಳ ಆರು ತಿಂಗಳ ಮನೆಬಾಡಿಗೆಗೆ ಸಮನಾಗುತ್ತಿತ್ತು. ಬೈದದ್ದನ್ನು ಮರೆಯಬಹುದು, ಈ ಸುಣ್ಣ ಸವರಿದ ಕೈಯನ್ನು ಮರೆಯಲಾರೆ.

ಅದೇ ಹೊತ್ತಿಗೆ ನನ್ನ ಇಳಿಗಾಲವೂ ಶುರುವಾಗಿತ್ತು. 2005ರ ಸುಮಾರಿಗೇ ಪೇಟಿಯ ಹಿರಿಯರು ಕಿವಿಯ ಬಳಿ ಬಗ್ಗಿ, "ಬಿಳಿ ಒಂದು ಹಿಡಿಯೋಣೇನ್ರಿ?" ಎಂದಿದ್ದರು. ಕೋಪ ಬಂತು, ಆದರೂ ಹಿಡಿದೆ. ಆರೇಳು ವರ್ಷಕ್ಕೆ ಬಿಳಿ ಏಳು. ಹಾಡುವವರು ಈ ಇಳಿತವನ್ನು ಕಳ್ಳತನದಂತೆ ಬಚ್ಚಿಡುತ್ತೇವೆ. ಹಿಂದೆ ಇದು ಕಷ್ಟವಿತ್ತು. ವಿದ್ಯುತ್ ತಂಬೂರಿ ಬಂದ ಮೇಲೆ ಒಂದು ತಿರುಪು ತಿರುವಿದರಾಯಿತು, ಸಭೆಗೆ ಸುಳಿವೂ ಹತ್ತುವುದಿಲ್ಲ. ಆ ಯಂತ್ರದ ಮೇಲೆ ನನಗೆ ಪ್ರೀತಿಯಿಲ್ಲ, ಉಪಕಾರ ಮಾತ್ರ ದೊಡ್ಡದಿದೆ. 2017ರ ಶ್ರಾವಣದಲ್ಲಿ ನಾಲ್ಕನೆಯ ರಾತ್ರಿ, ವಚನದ ನಡುವೆಯೇ ಧ್ವನಿ ನಿಂತಿತು. ಮರುದಿನ ಶಾಲು ಹೊದಿಸಿ, ಹಣ್ಣು ಕೊಟ್ಟು, ಉಳಿದ ದಿನ ವಿಶ್ರಾಂತಿ ತೆಗೆದುಕೊಳ್ಳಿರೆಂದು ಮರ್ಯಾದೆಯಿಂದಲೇ ಕಳುಹಿಸಿದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಪೇಟಿ ಎಳೆದುಕೊಂಡು, ಯಾವ ಮನೆಯಲ್ಲಿ ಕಂಠ ನಡುಗದೆ ನಿಲ್ಲುತ್ತದೆಂದು ಒಂದೊಂದೇ ಒತ್ತಿ ನೋಡಿದೆ. ನಿಂತದ್ದು ಕರಿ ಐದರ ಮೇಲೆ. ಬೆರಳಿಟ್ಟು ಎಣಿಸಿದೆ: ಬಿಳಿ ಒಂದು, ಬಿಳಿ ಏಳು, ಕರಿ ಐದು. ಮೂರು ಮನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2019ರಲ್ಲಿ ಮಗಳ ತಾಯಿ ಲಿಂಗೈಕ್ಯಳಾದಳು. ಮರುವರ್ಷ ಕೊರೋನಾ ಬಂದು ಮಗಳ ಪಾಠಗಳೆಲ್ಲ ನಿಂತವು. ಮೊಬೈಲಿನಲ್ಲಿ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಿದ್ದಳಂತೆ. ಸಂಚಾರ ಸಡಿಲವಾದ ಮೇಲೆ ವಾರಕ್ಕೊಮ್ಮೆ ಬಂದು ರೊಟ್ಟಿ, ಚಟ್ನಿಪುಡಿ ಮಾಡಿಟ್ಟು ಹೋಗತೊಡಗಿದಳು. 2024ರ ಶ್ರಾವಣದ ಮಳೆಗೆ ಅವರ ಬಾಡಿಗೆ ಮನೆ ಸೋರಲಾರಂಭಿಸಿತು. ತಂಬೂರಿಯ ಬುರುಡೆಗೆ ತೇವ ತಗಲಬಾರದೆಂದು ಅದನ್ನು ಗವಸು ಹಾಕಿ ತಂದು ಇಲ್ಲಿರಿಸಿ, ಆ ರಾತ್ರಿ ಇಲ್ಲಿಯೇ ಉಳಿದಳು.

ನನ್ನ ತಂಬೂರಿಯ ತಂತಿಗಳು ಕರಿ ಒಂದಕ್ಕೆ ಹೊಂದಿದವು. ಮೂರು ಮನೆ ಇಳಿಸಿದರೆ ಸಡಿಲಾಗಿ ನಾದವೇ ಸತ್ತುಹೋಗುತ್ತದೆ. ನಸುಕಿನಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ, ಕೇಳದೆಯೇ, ಮಗಳ ತಂಬೂರಿಯ ಗವಸು ತೆಗೆದೆ. ಶ್ರುತಿ ಮಾಡುವ ಕೆಲಸವೇ ಇರಲಿಲ್ಲ. ಅವಳ ಷಡ್ಜ ಮೇಲಿನ ಸಪ್ತಕದ್ದು, ನನ್ನದು ಕೆಳಗಿನದು. ಮನೆ ಮಾತ್ರ ಒಂದೇ. ಲಲಿತದ ನಾಲ್ಕು ಸ್ವರ ಹಾಡಿದೆನೋ ಇಲ್ಲವೋ, ಅಡುಗೆಮನೆಯ ಬಾಗಿಲಲ್ಲಿ ಆಕೆ ನಿಂತಿದ್ದಳು. ನಾನು ಕೈ ತೆಗೆದೆ.

"ನೀ ಅವತ್ತ ಮೂರ್ ಮನೀ ಕೇಳಿದ್ದಿ," ಎಂದೆ. "ನಾ ಕೊಡಲಿಲ್ಲ."

"ಹೌದ್ರಿ," ಎಂದಳು ಮಗಳು. ಇರಲಿ ಬಿಡ್ರಿ ಎನ್ನಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಹೊತ್ತು ನಿಂತು, ಬಳಿ ಬಂದು ಜೋಡಿಯ ಒಂದು ತಂತಿಯನ್ನು ಮೀಟಿ, ಮಣಿ ಸರಿಸಿ, ಜವಾರಿಯ ದಾರ ನೋಡಿದಳು. "ಇದು ಮಳಿಗೆ ಇಳದೈತಿ. ಈಗ ಹಾಡ್ರಿ" ಎಂದು ಒಳಗೆ ಹೋಗಿ ಹಿಟ್ಟು ನಾದತೊಡಗಿದಳು.

ಈಗ ಭಾನುವಾರ ಮಗಳು ನಮ್ಮ ಪಡಸಾಲೆಯಲ್ಲಿಯೇ ಐದಾರು ಹುಡುಗಿಯರಿಗೆ ಪಾಠ ಹೇಳುತ್ತಾಳೆ. ತಂಬೂರಿ ಮೀಟುವುದು ನಾನು. ಮೊನ್ನೆ ಒಂದು ಹುಡುಗಿಗೆ ಇನ್ನೂ ಗಟ್ಟಿಯಾಗಿ ಹಾಡೆಂದು ರೂಢಿಯಂತೆ ಗದರಿದೆ. "ಅಪ್ಪಾ, ಆಕಿ ದನಿ ಇನ್ನಾ ಬೆಳೀಲಿಕ್ಕತ್ತೈತಿ. ಸುಮ್ಮನಿರ್ರಿ," ಎಂದು ಮಕ್ಕಳ ಮುಂದೆಯೇ ಹೇಳಿದಳು. ಸುಮ್ಮನಾದೆ.

ಕಳೆದ ತಿಂಗಳು ಬಸ್ಸು ಹತ್ತಿ ಆ ಹಳೆಯ ಪುರಾಣ ಸಮಿತಿಯವರ ಊರಿಗೆ ಹೋಗಿ ಬಂದೆ. ಅಂದು ಬಂದಿದ್ದ ಹಿರಿಯರಲ್ಲಿ ಒಬ್ಬರೇ ಉಳಿದಿದ್ದಾರೆ. ಈಗ ಕಾರುಬಾರು ಅವರ ಮಕ್ಕಳದು. "ನನ್ನ ಮಗಳು ಚೊಲೋ ಹಾಡ್ತಾಳ್ರಿ. ಆವಾಗ ಕೇಳಿದ್ದಿರಿ, ನಾ ಹೇಳಿರಲಿಲ್ಲ" ಎಂದೆ. ಹುಡುಗರು ಚಹಾ ತರಿಸಿದರು, ಗೌರವದಿಂದಲೇ ಮಾತಾಡಿದರು. ಬರುವ ಶ್ರಾವಣಕ್ಕೆ ಬೇರೆಯವರಿಗೆ ವೀಳ್ಯ ಕೊಟ್ಟಾಗಿದೆ, ಮುಂದೆ ನೋಡೋಣ ಎಂದರು. ಹಿರಿಯರಿಗೆ ಕಿವಿ ಮಂದವಾಗಿದೆ. ನಾನು ಬಂದದ್ದು ಏತಕ್ಕೆಂದು ಎರಡು ಸಲ ಕೇಳಿದರು. ಎರಡು ಸಲವೂ ಹೇಳಿದೆ.

ಮಗಳಿಗೆ ಇದನ್ನು ತಿಳಿಸಿಲ್ಲ. 2008ರ ಸಂಗತಿಯೂ ಅವಳಿಗೆ ಗೊತ್ತಿಲ್ಲ. ಈ ಪತ್ರಿಕೆ ಅವಳ ಮನೆಗೂ ಬರುತ್ತದೆ.