ಒಂದು ಗೀಟು, ಮೂರು ಚುಕ್ಕಿ

ಮಗಳ ಮನೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫ್ರೀಮಾಂಟ್ ಊರಲ್ಲಿ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಸುನೋಲ್ ಎಂಬ ಗುಡ್ಡಗಾಡು. ಜನ ನಡೆದಾಡುವ ಗುಡ್ಡಗಳಲ್ಲೇ ದನಗಳೂ ಮೇಯುತ್ತವೆ. ಬೇಲಿಯ ಗೇಟು ತೆಗೆದು ಒಳಗೆ ಹೋಗಿ, ಮರೆಯದೆ ಮುಚ್ಚಬೇಕು. ಅಲ್ಲಿ ಮಳೆ ಚಳಿಗಾಲದಲ್ಲಿ. ನಾವು ಹೋದ ಜೂನ್ ತಿಂಗಳಲ್ಲಿ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು.

ಮಗಳು ಕೆಳಗೆ ಮರದಡಿ ಕೂತಳು. ಹತ್ತು ವರ್ಷದ ಮೊಮ್ಮಗನೂ ನಾನೂ ಹತ್ತಿದೆವು. ಕೈಯಲ್ಲಿ ಆ ದೇಶದ ಭೂ ಸರ್ವೇಕ್ಷಣಾ ಇಲಾಖೆಯ ನಕ್ಷೆ. ಒಂದು ಅಂಗುಲದಲ್ಲಿ 2,000 ಅಡಿ ನೆಲ! ಕಂದು ಗೆರೆಗಳು ಎತ್ತರದವು. ಒಂದೇ ಗೆರೆಯ ಮೇಲೆ ನಡೆದರೆ ಏರೂ ಇಲ್ಲ, ಇಳಿಜಾರೂ ಇಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರ ದೂರ ಇದ್ದರೆ ನನ್ನ ಮಂಡಿಗೆ ಸುಖ.

ನಕ್ಷೆ ಓದುವುದರಲ್ಲಿ ನನಗೆ ಸ್ವಲ್ಪ ಜಂಬ. ಬ್ಯಾಂಕಿನ ಹಳ್ಳಿ ಶಾಖೆಯಲ್ಲಿದ್ದಾಗ, ಬಾವಿ ಸಾಲದ ಅರ್ಜಿಗಳ ನಡುವೆ ನಮ್ಮ ಸರ್ವೆ ಆಫ್ ಇಂಡಿಯಾ ನಕ್ಷೆ ನೋಡುತ್ತಿದ್ದೆ. ಅದರಲ್ಲಿ ನೀರಿರುವ ಹಳ್ಳ ನೀಲಿ, ಒಣ ಹಳ್ಳ ಕಪ್ಪು. ಇಲ್ಲಿಯೂ ನೀಲಿ ಕಂಡದ್ದೇ, "ಮುಂದೆ ಹಳ್ಳ ಇದೆ ಪುಟ್ಟ, ಬಾಟಲಿ ಖಾಲಿ ಮಾಡು. ಅಲ್ಲಿ ಮುಖ ತೊಳೆದು ತಣ್ಣಗೆ ಕೂರೋಣ" ಎಂದೆ.

ಹೋಗಿ ನೋಡಿದರೆ ಬರೀ ಕಲ್ಲು, ಒಣ ಸಗಣಿ. ಹುಡುಗನ ಮುಖ ಕೆಂಪಗಾಗಿತ್ತು. ನನ್ನ ಎದೆ ಧಸಕ್ಕೆಂದಿತು. ಅವನು ನಕ್ಷೆಗೆ ಮೂಗು ತಾಗಿಸಿ, "ತಾತ, ಇದು ಗೆರೆ ಅಲ್ಲ. ಒಂದು ಗೀಟು, ಮೂರು ಚುಕ್ಕಿ. ಮತ್ತೆ ಗೀಟು" ಎಂದ. ಅಮೆರಿಕದ ನಕ್ಷೆಯಲ್ಲಿ ಬೇಸಿಗೆಗೆ ಬತ್ತುವ ಹಳ್ಳವೂ ನೀಲಿಯೇ; ಗೆರೆ ಮಾತ್ರ ತುಂಡು ತುಂಡು. ಕನ್ನಡಕ ಒರೆಸಿಕೊಂಡಿದ್ದರೆ ನನಗೂ ಕಾಣುತ್ತಿತ್ತು.

ಹಳ್ಳದಗುಂಟ ಇಳಿದರೆ ಹತ್ತಿರ, ಆದರೆ ಅಲ್ಲಿ ಕಂದು ಗೆರೆಗಳು ಒತ್ತೊತ್ತು. ಸುತ್ತಾದರೂ ಸರಿ ಎಂದು ಗೆರೆಗಳು ಅಗಲವಾಗಿದ್ದ ದಾರಿ ಹಿಡಿದೆವು. ಆ ದಾರಿಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಮಚ್ಚೆಯೊಂದಿತ್ತು. ಈ ಸಲ ಅದು ನೀರೆಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ. ತಿರುವು ದಾಟಿದರೆ ಮಣ್ಣಿನ ಏರಿ, ಹಿಂದೆ ಕೆಸರು ನೀರು, ಮೊಣಕಾಲವರೆಗೆ ಇಳಿದು ನಿಂತ ನಾಲ್ಕು ಹಸುಗಳು. ಥೇಟ್ ನಮ್ಮೂರ ಗೋಕಟ್ಟೆ! ಕುಡಿಯುವ ನೀರಲ್ಲ. ಕರವಸ್ತ್ರ ಅದ್ದಿ ಅವನ ನೆತ್ತಿಗೆ ಹಾಕಿದೆ, ಟವೆಲು ಅದ್ದಿ ನಾನೂ ಹೊದ್ದುಕೊಂಡೆ.

"ಅಮ್ಮನಿಗೆ ಹೇಳಬೇಡವೋ" ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದೆ. ನಾನಿನ್ನೂ ಗೇಟು ಮುಚ್ಚುತ್ತಿದ್ದೆ, ಅವನಾಗಲೇ ಚುಕ್ಕಿ ಎಣಿಸಿ ತೋರಿಸುತ್ತಿದ್ದ.