ಅಂಕಿ ದೊಡ್ಡದು, ಅಂತರ ಚಿಕ್ಕದು

ಗೇಮಿಂಗ್ ಮಾನಿಟರಿನ ಪೆಟ್ಟಿಗೆಯ ಮೇಲೆ ಎದ್ದು ಕಾಣುವುದು ಹರ್ಟ್ಸ್ ಲೆಕ್ಕ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದೇ ಅದು. ಮಗ 240 ಬೇಕೆನ್ನುತ್ತಾನೆ. ಅಪ್ಪ ಬೆಲೆ ನೋಡಿ ಬೇಡವೆನ್ನುತ್ತಾರೆ. ಮನೆಯಲ್ಲಿ ಮಾತು ನಿಲ್ಲುತ್ತದೆ.

ಇಬ್ಬರೂ ಕೂತು ಒಂದು ಭಾಗಾಕಾರ ಮಾಡಲಿ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ನಿಲ್ಲುವುದು 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡ್ ಲಾಭ, ಎರಡನೆಯದರಲ್ಲಿ 3 ಕೂಡ ಇಲ್ಲ. ಮೇಲಾಗಿ, ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 90 ಚಿತ್ರಗಳನ್ನಷ್ಟೇ ಬಿಡಿಸಬಲ್ಲದಾದರೆ, 240ಕ್ಕೆ ತೆತ್ತ ಹಣ ಬಹುಪಾಲು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

‘ಬೇಡ’ ಎಂದರೆ ಮುನಿಯುವ ಹುಡುಗ, ತಾನೇ ಮಾಡಿದ ಲೆಕ್ಕದ ಮೇಲೆ ಮುನಿಯಲಾರ.